ಸಾಹುಕಾರರ ಕಾಣದ ಬಾಳೆ

ಬಡವರ ಲೆಕ್ಕ ಬೀದಿಯಲ್ಲಿ, ಸಾಹುಕಾರರ ಲೆಕ್ಕ ಕಪಾಟಿನಲ್ಲಿ. ಕಲಬುರಗಿಯ ಆಡಿಟರ್ ಆಫೀಸಿನಲ್ಲಿ ಮಂದಿಯ ತೆರಿಗೆ ರಿಟರ್ನ್ ತುಂಬುವ ನನಗೆ ಇಂಥವು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮೈ ಉರಿಯುತ್ತದೆ, ಆದರೂ ನಗು ಬರುತ್ತದೆ.

ಮುಚ್ಚಿದ ಬಾಗಿಲು

ನಮ್ಮ ಗಿರಾಕಿ ಒಬ್ಬರು ಬೇಳೆ ಮಿಲ್ಲಿನ ಸಾಹುಕಾರರು. ಬಂದೊಡನೆ ಬಾಗಿಲು ಹಾಕಿಸುತ್ತಾರೆ, ಕಿಟಕಿ ಹಾಕಿಸುತ್ತಾರೆ. ಮೇ ತಿಂಗಳಲ್ಲೂ ಫ್ಯಾನ್ ಬಂದ್, ಕಾಗದ ಹಾರಿ ಯಾರ ಕಣ್ಣಿಗಾದರೂ ಬಿದ್ದೀತೆಂದು. ಶ್ರೀಮಂತರ ತೆರಿಗೆ ವಿವರ ಎಲ್ಲರೂ ನೋಡುವಂತಿದ್ದರೆ ತಪ್ಪೇನು ಎಂದು ಒಮ್ಮೆ ಕೇಳಿದೆ. "ಮಂದಿ ಕಣ್ಣು ಬೀಳ್ತದಪ್ಪಾ" ಅಂದರು.

ಅದೇ ವಾರ ಕುಸನೂರ ರಸ್ತೆಯಲ್ಲಿ ಅವರು ಕಟ್ಟಿಸಿದ ಅರವಟ್ಟಿಗೆ ನೋಡಿದೆ. ಎಷ್ಟು ದಾನ ಕೊಟ್ಟರೆಂದು ಗ್ರಾನೈಟಿನಲ್ಲಿ, ಬಂಗಾರದ ಅಕ್ಷರದಲ್ಲಿ ಕೆತ್ತಿಸಿದ್ದರು. ನಲ್ಲಿಯಲ್ಲಿ ನೀರು ಮಾತ್ರ ಇರಲಿಲ್ಲ.

ಕೆಂಪು ಬಾಳೆ

ಬೇಸಾಯದ ಗಳಿಕೆಗೆ ತೆರಿಗೆ ಇಲ್ಲ. ಹಾಗಾಗಿ ಸಾಹುಕಾರರ ಗಳಿಕೆಯ ಬಹುಪಾಲು ಬರುವುದು ಕಮಲಾಪುರದ ಅವರ ಕೆಂಪು ಬಾಳೆ ತೋಟದಿಂದ. ಕಮಲಾಪುರ ನನ್ನೂರು. ಆ ಹೊಲದಲ್ಲಿರುವುದು ಕಲ್ಲು ಮತ್ತು ಒಂದು ಜಾಲಿ ಮರ. ಅಲ್ಲಿ ಬಾಳೆ ಎಲ್ಲಿದೆ ಎಂದು ಕೇಳಿದರೆ, "ನೀ ಬರಿ, ಅವು ತಾವೇ ಬೆಳೀತಾವ" ಅಂದರು. ಬರೆದೆ.

ಹೊಟ್ಟೆ ಉರಿದು ಅಕ್ಕನಿಗೆ ಹೇಳಿದೆ. ಗಂಡ ತೀರಿಕೊಂಡ ಮೇಲೆ ಆಕೆ ಊರ ಬಸ್ ಸ್ಟಾಪಿನ ಹತ್ತಿರ ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಎಲ್ಲ ಕೇಳಿ, "ನಿನ್ನ ಪೆನ್ನಿಗಿ ಯಾವ ಗೊಬ್ಬರ ಹಾಕ್ತಿಯೋ ತಮ್ಮಾ?" ಎಂದಳು.

ಅಕ್ಕನ ಗಾಡಿ

ಬಾಳೆ ಮಾರಿ ಬಹಳ ಗಳಿಸುತ್ತಾಳೆ, ಬಡವರ ರೇಷನ್ ಕಾರ್ಡ್ ಆಕೆಗೇಕೆ ಎಂದು ಅಕ್ಕನ ಮೇಲೆ ಯಾರೋ ದೂರು ಕೊಟ್ಟರು. ಕಾರ್ಡ್ ಹೋದರೆ ಮನೆಯಲ್ಲಿ ಅಕ್ಕಿ ಇಲ್ಲ. ತಪಾಸಣೆಗೆ ಬಂದ ಸಾಹೇಬರು ಬಾಗಿಲು ಹಾಕಿಸಲಿಲ್ಲ, ತಳ್ಳುಗಾಡಿಗೆ ಬಾಗಿಲೆಲ್ಲಿ? ದಿನಕ್ಕೆ ಎಷ್ಟು ಗಳಿಸ್ತಿ, ಮನೆಯಲ್ಲಿ ಮಿಕ್ಸರ್ ಎಲ್ಲಿಂದ ಬಂತು ಎಂದು ರಸ್ತೆಯಲ್ಲೇ ಜೋರಾಗಿ ಕೇಳಿದರು. ಬಸ್ಸಿಗೆ ನಿಂತವರೆಲ್ಲ ಕಿವಿಗೊಟ್ಟರು. ಅಕ್ಕ ತಲೆ ತಗ್ಗಿಸಿದಳು. ಅಂದು ಊರಿಗೆ ಬಂದು ಪಕ್ಕದಲ್ಲಿದ್ದ ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಸಾಹುಕಾರರ ಕಾರು ಬಂದು ನಿಂತಿತು. ಮನೆಗೆ ಹೊಸ ಬೀಗರು ಬರುವವರಿದ್ದರು. ಸ್ವಂತ ತೋಟದ ಬಾಳೆ ತಿನ್ನಿಸುತ್ತೇನೆಂದು ಅವರ ಮುಂದೆ ಹೇಳಿಬಿಟ್ಟಿದ್ದರಂತೆ. ಗಾಡಿಯಲ್ಲಿದ್ದ ಹಣ್ಣನ್ನೆಲ್ಲ ಕಾರಿಗೆ ಹಾಕಲು ಹೇಳಿದರು.

ಅಕ್ಕ ತಲೆ ಎತ್ತಿದಳು. "ಇವು ನನ್ನವಲ್ರಿ ಸಾಹೇಬ್ರ. ಈ ಸಾವ್ಕಾರ್ರ ತೋಟದ್ದು, ನಾ ಕೂಲಿಗಿ ಮಾರ್ತೀನಿ. ಸರ್ಕಾರಕ್ಕ ಅವರೇ ಬರದು ಕೊಟ್ಟಾರ, ಕೇಳ್ರಿ."

ಸಾಹೇಬರು ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು ನನ್ನನ್ನು ನೋಡಿದರು, ನಾನು ಬಾಳೆಹಣ್ಣು ನೋಡಿದೆ. ಅಲ್ಲ ಎಂದರೆ ಕಾಗದದ ತೋಟವೇ ಒಣಗುತ್ತದೆ. ಹೌದು, ನನ್ನವೇ ಎಂದರು. ಅಕ್ಕನ ಕಾರ್ಡ್ ಉಳಿಯಿತು.

ಹಣ್ಣೆಲ್ಲ ಕಾರು ಸೇರಿತು. ಅಕ್ಕ ದುಡ್ಡಿಗೆ ಕೈ ಚಾಚಿದಳು. ಸಾಹುಕಾರರು ಸಾಹೇಬರ ಮುಖ ನೋಡಿ ನಕ್ಕರು.

"ನನ್ನ ಬಾಳಿಹಣ್ಣಿಗಿ ನಾನೇ ರೊಕ್ಕ ಕೊಡ್ಲೇನವ್ವಾ?"