ವಾಡೆ ಕಟ್ಟಿಸಿದ ಮುತ್ತಜ್ಜನೂ ನಮ್ಮ ದೊಡ್ಡವ್ವನೂ

ನಮ್ಮ ದೊಡ್ಡವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ನೀವು ಒಳ್ಳೆಯ ಗುಣವೆಂದು ತಿಳಿದರೆ, ಕನ್ಯೆಯ ಕಡೆಯವರು ಬಂದಾಗ ಅಂಥವರೊಬ್ಬರು ನಿಮ್ಮ ಪಡಸಾಲೆಯಲ್ಲಿ ಕೂತಿರಲಿಲ್ಲ ಎಂದೇ ಅರ್ಥ!

ಸುರಪುರದ ಹತ್ತಿರ ನಮ್ಮದೊಂದು ನೂರು ವರ್ಷ ದಾಟಿದ ವಾಡೆ. ಒಂಟೆ ನುಗ್ಗುವಷ್ಟು ಎತ್ತರದ ಬಾಗಿಲು, ತಬ್ಬಿದರೆ ಕೈಗೆ ಸಿಗದ ಕಂಬಗಳು. ನಾಲ್ಕು ಸಂಸಾರಗಳು ಅದನ್ನು ಹಂಚಿಕೊಂಡು ನಡುವೆ ಗೋಡೆ ಎಬ್ಬಿಸಿದ್ದವು. ಆದರೆ "ನಮ್ಮ ಮುತ್ತಜ್ಜ ಕಟ್ಟಿಸಿದ್ದು" ಎನ್ನುವಾಗ ಮಾತ್ರ ಎಲ್ಲರದೂ ಒಂದೇ ಬಾಯಿ. ಕಾಲುವೆಗೆ ನೀರು ಬಂದು ಹೊಲದಲ್ಲಿ ಭತ್ತ ನಿಂತ ಮೇಲಂತೂ ಮುತ್ತಜ್ಜನಿಗೆ ವರ್ಷಕ್ಕೊಂದು ಹೊಸ ಬಿರುದು! ಕಾಲುವೆಯ ಇಂಜಿನಿಯರ್ ಒಮ್ಮೆ "ಎಂಥಾ ಭಾರಿ ವಾಡೇರಿ!" ಎಂದಾಗ ಅಪ್ಪನ ಅತ್ತಿಗೆಯಾದ ಈ ದೊಡ್ಡವ್ವ, "ಹೌದ್ರಿ, ಮಳಿ ಬಂದ್ರ ಒಳಗ ಛತ್ರಿ ಹಿಡಕೊಂಡು ಕುಂದರತೇವ್ರಿ" ಎಂದಿದ್ದಳು.

ನನಗೆ ಶಹಾಪುರದ ಕಡೆಯ ಹೆಣ್ಣು ನಿಶ್ಚಯವಾಗುವುದರಲ್ಲಿತ್ತು. ಹುಡುಗಿ ಶಾಲೆಯ ಟೀಚರು. ಮನೆ ನೋಡಲು ತಾನೂ ಬರುತ್ತೇನೆಂದು ಹಟ ಹಿಡಿದು ತಂದೆಯ ಜೊತೆ ಬಂದಳು. ಅಪ್ಪನ ತಮ್ಮ ಕಾಕಾ ಮೀಸೆ ತಿರುವಿ, "ನಮ್ಮ ಮುತ್ತಜ್ಜ ಇಲ್ಲೇ ದರ್ಬಾರ ನಡಸ್ತಿದ್ರು" ಎಂದು ಶುರುಮಾಡಿದ.

"ಎಲ್ಲಿ ದರ್ಬಾರೋ?" ಎಂದಳು ದೊಡ್ಡವ್ವ. "ವಾಡೆ ಜಾಗೀರದಾರರದು. ನಿಮ್ಮ ಮುತ್ತಜ್ಜ ಅವರ ಕುದುರಿ ಲದ್ದಿ ಬಳೀತಿದ್ದ. ಅವರು ಹೈದರಾಬಾದಿಗೆ ಹೋಗುವಾಗ ಕೀಲಿ ಕೊಟ್ಟು ಹೋದ್ರು, ತಿರುಗಿ ಬರಲಿಲ್ಲ. ನಮ್ಮತ್ತಿನ ಹೇಳ್ಯಾಳ ನನಗ."

ಕಾಕಾನ ಕೈ ಮೀಸೆಯ ಮೇಲೇ ಉಳಿಯಿತು. ಅಪ್ಪನ ಮುಖ ಸುಣ್ಣ ಬಳಿದಂತಾಯಿತು. ಹುಡುಗಿಯ ತಂದೆ ಬಾಯಿಗೆ ಒಯ್ದಿದ್ದ ಮಂಡಕ್ಕಿ ಸುಸಲಾವನ್ನು ಮತ್ತೆ ತಟ್ಟೆಗಿಟ್ಟರು. ನನ್ನ ಗತಿ ಕೇಳಬೇಡಿ! ಹುಟ್ಟಿದಾಗಿನಿಂದ ಧಣಿಗಳ ವಂಶದವನೆಂದೇ ಎದೆ ಉಬ್ಬಿಸಿ ತಿರುಗಿದ್ದೆನಲ್ಲ!

ಅಷ್ಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ! ಸೆರಗನ್ನು ಬಾಯಿಗೊತ್ತಿಕೊಂಡರೂ ತಡೆಯಲಾಗದೆ ಗಟ್ಟಿಯಾಗಿ ನಗತೊಡಗಿದಳು. "ಅಪ್ಪಾ, ಈ ಮನಿಯಾಗ ಖರೇ ಹೇಳೋರು ಒಬ್ಬರರೆ ಅದಾರ. ನಾ ಇಲ್ಲಿಗೇ ಬರತೀನಿ" ಎಂದಳು.

ಅವರು ಹೋದದ್ದೇ ತಡ, ಕಾಕಾ ರೇಗಿದ. "ಮನೆತನದ ಮಾನ ಕಳದಿ! ಏನ್ ಸಿಕ್ತು ನಿನಗ?"

ದೊಡ್ಡವ್ವ ಸುಸಲಾದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ನನ್ನೂ ದೊಡ್ಡ ಮನೆತನ ಅಂತ ಹೇಳೇ ತಂದ್ರಿ. ದೊಡ್ಡ ಮನಿ ಸೊಸಿ ಜೋರಾಗಿ ನಗಬಾರದು, ಹೊಸ್ತಿಲ ದಾಟಬಾರದು ಅಂದ್ರಿ. ನಮ್ಮವ್ವ ಸಾಯಾಕತ್ತಾಗೂ ಕಳಿಸಲಿಲ್ಲ."

ಕಾಕಾ ತಲೆ ತಗ್ಗಿಸಿದ.

"ಈ ಹುಡುಗಿ ನಗಲಿ ಬಿಡೋ, ತಮ್ಮಾ" ಎಂದಳು ದೊಡ್ಡವ್ವ. ಹುಡುಗಿ ಕುಡಿದಿಟ್ಟ ಚಹಾದ ಕಪ್ಪನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.