ಎಂಬತ್ತು ದಾಟಿದ ಎದೆಗಳ ಕವಾಯತು

ಪುಣೆಯ ಆಸ್ಪತ್ರೆಯೊಂದರಲ್ಲಿ ನನ್ನ ವ್ಯಾಯಾಮದ ಕೋಣೆಗೆ ಬರುವವರು ಎಂಬತ್ತು ದಾಟಿದವರು, ಹೃದಯಕ್ಕೆ ಒಮ್ಮೆ ಪೆಟ್ಟು ತಿಂದವರು. ಮೆಲ್ಲಗೆ ನಡೆಸಿ, ಸೈಕಲ್ ತುಳಿಸಿ ಆ ಹೃದಯಕ್ಕೆ ಮತ್ತೆ ಬಲ ತರಿಸುವುದು ನನ್ನ ಕೆಲಸ. ಅಲ್ಲಿ ನಗದೆ ಕಳೆದ ದಿನವೇ ಇಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ಮಾತ್ರ ಆ ನಗುವಿನ ಹಿಂದಿನ ಮಾತು ಮತ್ತೆ ಕೇಳಿಸುತ್ತದೆ.

ಮಾತಾಡುತ್ತಾ ನಡೆಯಿರಿ

ಉಡುಪಿ ಕಡೆಯ ಹೋಟೆಲಿನ ಯಜಮಾನರನ್ನು ಟ್ರೆಡ್‌ಮಿಲ್ ಹತ್ತಿಸಿ, "ಏನಾದರೂ ಮಾತಾಡುತ್ತಿರಿ. ಮಾತು ನಿಂತರೆ ದಣಿದಿದ್ದೀರಿ ಅಂತ ಲೆಕ್ಕ" ಎಂದೆ. ಅವರು ತುಟಿ ಬಿಚ್ಚಲೇ ಇಲ್ಲ. ಗಾಬರಿಯಾಗಿ ಯಂತ್ರ ನಿಲ್ಲಿಸಿದೆ.

"ಎಂತದೂ ಆಗ್ಲಿಲ್ಲ ಮೇಡಂ. ಮಾತಾಡ್ಲಿಕ್ಕೆ ಎಂತ ಉಂಟು ಅಂತ ಹುಡುಕ್ತಾ ಇದ್ದೆ. ಜೀವಮಾನ ಇಡೀ ಗಲ್ಲೆಯಲ್ಲಿ ಕೂತು ತಿಂಡಿಯ ಹೆಸರು ಬಿಟ್ಟು ಬೇರೆ ಮಾತೇ ಆಡ್ಲಿಲ್ಲ ನಾನು."

"ಅದನ್ನೇ ಹೇಳಿ" ಎಂದು ಯಂತ್ರ ಮತ್ತೆ ಚಾಲೂ ಮಾಡಿದೆ. ಇಡ್ಲಿ, ವಡೆ, ಬನ್ಸ್ ಎನ್ನುತ್ತಾ ಸಲೀಸಾಗಿ ನಡೆದರು. ಪಕ್ಕದ ಸೈಕಲ್ಲಿನಿಂದ ಮರಾಠಿ ಅಜ್ಜ ಎರಡು ಬೆರಳೆತ್ತಿ ಕೂಗಿದರು: "ಇಕಡೇ ದೋನ್ ಪ್ಲೇಟ್!"

ಅರ್ಧ ಕಿಲೋ

ಕಲಬುರಗಿ ಕಡೆಯ ಅಜ್ಜಿಗೆ ಅರ್ಧ ಕಿಲೋ ಡಂಬೆಲ್ ಕೊಟ್ಟೆ. "ಯವ್ವಾ, ಇದ ಎತ್ಲಾಕ ದವಾಖಾನಿಗಿ ಬರಬೇಕೇನ? ಇಲ್ಲೇ ಪುಣೆ ಬಾಜೂ ಚಾಕಣದಾಗ ಕಾರ್ಖಾನಿ ಕಟ್ಟುವಾಗ ಸಿಮೆಂಟ್ ಬುಟ್ಟಿ ಹೊತ್ತೀನಿ ನಾ!"

ಎತ್ತಿದಳು. ಕೈ ಅರ್ಧಕ್ಕೇ ಸೋತು ತೊಡೆಯ ಮೇಲೆ ಬಿತ್ತು. ಯಾರದೋ ಕೈ ನೋಡುವವಳಂತೆ ಅದನ್ನು ತಿರುಗಿಸಿ ನೋಡಿದಳು.

"ಇದು ನನ್ನ ಕೈ ಅಲ್ಲವ್ವಾ. ನಂದು ಆ ಕಾರ್ಖಾನಿ ಗ್ವಾಡ್ಯಾಗ, ಸಿಮೆಂಟಿನಾಗ ಅದ. ತರಿಸಿ ಕೊಡು, ಎತ್ತತೀನಿ."

ವರಾಂಡದ ನಡಿಗೆ

ವಿಜಯಪುರ ಕಡೆಯ ನಿವೃತ್ತ ಮಾಸ್ತರರಿಗೆ ಒಬ್ಬರೇ ನಡೆಯಲು ಭಯ. ಹೆಂಡತಿಯನ್ನೂ ಜೊತೆಗೆ ಕಳಿಸಿ ಹಿಂದೆಯೇ ಹೊರಟೆ. ಅರ್ಧ ವರಾಂಡದಲ್ಲೇ ಮಾಸ್ತರರು ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತರು. ಅವರ ಹೆಂಡತಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಸರಸರ ಹೋಗುತ್ತಲೇ ಇದ್ದರು.

"ಏ ಇಕಿನ, ನಿಂದ್ರ ಸ್ವಲ್ಪ!"

ಅವರು ತಿರುಗಲಿಲ್ಲ. "ಮದವಿ ಆದಾಗಿಂದ ನಿಮ್ಮ ಬೆನ್ನ ನೋಡ್ಕೋತ ನಡದೀನ್ರಿ. ಇವತ್ತ ನೀವು ನನ್ನ ಬೆನ್ನ ನೋಡ್ರಿ!"

ವರಾಂಡದಲ್ಲಿದ್ದವರೆಲ್ಲ ನಕ್ಕರು. ಮಾಸ್ತರರನ್ನು ಕುರ್ಚಿಯಲ್ಲಿ ಕೂರಿಸಿ ನಾಡಿ ನೋಡಿದೆ. ಹೆಂಡತಿ ವಾಪಸ್ ಬಂದು ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದರು.

"ಹಿಂದ ಉಳದೀನಿ ಅಂತ ಒಂದ ಸಲಾನೂ ಹೇಳಬಾರದಾಗಿತ್ತೇನ? ನಿಂದರತಿದ್ನಲ್ಲ" ಎಂದರು ಮಾಸ್ತರರು, ಸಣ್ಣ ದನಿಯಲ್ಲಿ.

"ಹೇಳತಿದ್ದೆ ರೀ. ಕೇಳಸೋವಷ್ಟ ಹತ್ತರ ನೀವು ಯಾವಾಗ ಇದ್ರಿ?"