ಒಡಪು ಬರೆಯುವ ಸೊಸೆಯನ್ನು ತಯಾರು ಮಾಡಿದ ಗುರುಗಳಿಗೆ

‘ಮನೆಯಲ್ಲೇ ಕೂತು ಬರೆದು ಗೆಲ್ಲಿ’ ಆನ್‌ಲೈನ್ ಶಿಬಿರದ ಮುಖ್ಯ ತರಬೇತುದಾರರ ಸನ್ನಿಧಿಗೆ, ಯಲಬುರ್ಗಾದ ಶಿವಲಿಂಗಮ್ಮ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲು ನಾನು ಯಾರೆಂದು ತಿಳಿಸುವುದು ಮರ್ಯಾದೆ. ನಾನು ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು, ಹನ್ನೊಂದು ಜನರ ಮನೆಯ ಹಿರಿಯಳು, ಮತ್ತು ನಲವತ್ತು ವರ್ಷಗಳಿಂದ ಈ ಊರಿನ ಮದುಮಕ್ಕಳಿಗೆಲ್ಲ ಒಡಪು ಕಟ್ಟಿಕೊಟ್ಟವಳು. ತಮ್ಮ ಕಡೆ ಈ ರೂಢಿ ಇಲ್ಲದಿದ್ದರೆ ಹೇಳುತ್ತೇನೆ: ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಲೇಬೇಕಾದಾಗ ಎರಡು ಸಾಲಿನ ಪದ್ಯದಲ್ಲಿ ಹೆಸರನ್ನು ಸೇರಿಸಿ ಹೇಳುತ್ತಾಳೆ. ಹೊಸ ಸೊಸೆ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳುತ್ತಾರೆ. ಅದು ಬರುವವರೆಗೆ ಮದುಮಗಳು ಬಿಸಿಲಲ್ಲಿ ನಿಂತಿರಬೇಕು. ಹಾಗೆ ನಿಂತ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಒಳಗೆ ಸೇರಿಸಿದ್ದೇನೆ.

“ಎರಿ ಹೊಲದಾಗ ಬಿಳಿ ಜ್ವಾಳದ ತೆನಿ,
ಲಕ್ಷ್ಮಣಪ್ಪರಾಯರ ಹೆಸರಿಲೆ ಬೆಳಗ್ತೈತಿ ಮನಿ”

ಎಂಬುದು ನಾನು ಕಟ್ಟಿದ್ದೇ. ಇದಕ್ಕೆಲ್ಲ ಪ್ರತಿಯಾಗಿ ನಾನು ಪಡೆದದ್ದು ಒಂದೊಂದು ಕುಬಸದ ಖಣ ಮತ್ತು ಮದುವೆಯ ಮನೆಯಲ್ಲಿ ಮೊದಲ ಸಾಲಿನ ಕುರ್ಚಿ. ಖಣ ಬಿಡಿ, ಆ ಕುರ್ಚಿಯ ವಿಷಯವಾಗಿಯೇ ಈ ಪತ್ರ.

ನನ್ನ ಕಿರಿಯ ಸೊಸೆ ಅನುಷಾ ತಮ್ಮ ಶಿಬಿರಕ್ಕೆ ಸೇರಿದ್ದು ಕಳೆದ ಶ್ರಾವಣದಲ್ಲಿ. ಸ್ವತಂತ್ರ ಬರಹಗಾರರು ಯಶಸ್ವಿಯಾಗಲು ತಾವು ದಯಪಾಲಿಸಿದ ಹನ್ನೆರಡು ಸೂತ್ರಗಳು ಎಷ್ಟು ಶ್ರೇಷ್ಠವೆಂದರೆ, ಅವು ನಮ್ಮ ಮನೆಗೆ ಬಂದ ಮೇಲೆ ಮನೆಯಲ್ಲಿ ಬೇರೆ ಯಾವ ಕೆಲಸವೂ ಸರಿಯಾಗಿ ನಡೆದಿಲ್ಲ. ಬರಹಗಾರರಿಗೆ ಪ್ರತ್ಯೇಕ ಜಾಗ ಬೇಕೆಂದು ತಾವು ಹೇಳಿದ ಮರುದಿನವೇ ಆಕೆ ಜೋಳದ ಚೀಲ ಇಡುವ ಕೋಣೆಯನ್ನು ಹಿಡಿದು, ಬಾಗಿಲಿಗೆ ‘ಕೆಲಸ ನಡೆದಿದೆ’ ಎಂದು ರಟ್ಟಿನ ಹಲಗೆ ತೂಗುಹಾಕಿದಳು. ಅಂದಿನಿಂದ ರೊಟ್ಟಿಗೆ ಜೋಳ ಬೇಕಾದರೆ ಒಂದು ದಿನ ಮೊದಲೇ ತಿಳಿಸಬೇಕು.

ಸಂದೇಶ ಬಂದ ಕೂಡಲೇ ಉತ್ತರಿಸಿದರೆ ಬರಹಗಾರರಿಗೆ ಕೆಲಸವಿಲ್ಲವೆಂದು ಜನ ತಿಳಿಯುತ್ತಾರೆ, ಆದ್ದರಿಂದ ಕಾಯಿಸಿ ಎಂದಿದ್ದೀರಿ. ಎಂಥ ದೂರದೃಷ್ಟಿ! ಸೋಮವಾರ ಮಧ್ಯಾಹ್ನ ಹೆಸರುಕಾಳು ನೆನೆಹಾಕಲೇ ಎಂದು ಕೂಗಿ ಕೇಳಿದ ನನಗೆ ಮಂಗಳವಾರ ಮಧ್ಯಾಹ್ನ “ನಿಮ್ಮ ಪ್ರಶ್ನೆ ಬಂದು ಮುಟ್ಟೇತ್ರಿ ಅತ್ತಿ, ಹಾಕ್ರಿ” ಎಂಬ ಉತ್ತರ ಸಿಕ್ಕಿತು. ‘ಇಲ್ಲ’ ಎನ್ನಲು ಕಲಿಯಿರಿ ಎಂಬ ಸೂತ್ರವನ್ನು ಶೇಂಗಾ ಸುಲಿಯುವ ಹೊತ್ತಿಗೆ ಸರಿಯಾಗಿ ಕಲಿತಳು: “ಇದು ನನ್ನ ಕೆಲಸದ ವ್ಯಾಪ್ತಿಗೆ ಬರಂಗಿಲ್ರಿ.” ಎರಡು ಸಲಕ್ಕಿಂತ ಹೆಚ್ಚು ತಿದ್ದಿಕೊಡಬೇಡಿ ಎಂಬ ತಮ್ಮ ಮಾತಿನ ಪೆಟ್ಟು ಬಿದ್ದದ್ದು ನನ್ನ ಯಜಮಾನರಿಗೆ. ಚಹಾಕ್ಕೆ ಮೂರನೆಯ ಸಲ ಸಕ್ಕರೆ ಕೇಳಿದಾಗ, “ಎರಡು ಸಲ ತಿದ್ದೀನ್ರಿ ಮಾವಾರ, ಮೂರನೇದ್ದು ಅಂದ್ರ ಹೊಸ ಚಹಾ ಅಂತ ಲೆಕ್ಕ” ಎಂದಳು. ಅವರು ಸಪ್ಪೆ ಚಹಾ ಕುಡಿದು, ಹೊಸ ಚಹಾಕ್ಕೆ ಸರದಿಯಲ್ಲಿ ಕಾದರು.

ಇವೆಲ್ಲವನ್ನೂ ನಾನು ಸಹಿಸಿದೆ. ಆದರೆ ಬರಹಗಾರರು ಒಂದೇ ಕ್ಷೇತ್ರವನ್ನು ಆರಿಸಿಕೊಂಡು ಅದರಲ್ಲಿ ಪರಿಣತರಾಗಬೇಕು ಎಂಬ ತಮ್ಮ ಸೂತ್ರವನ್ನು ಓದಿ ಈಕೆ ಆರಿಸಿಕೊಂಡ ಕ್ಷೇತ್ರ ಒಡಪು. ಜಗತ್ತಿನಲ್ಲಿ ಬರೆಯಲು ಎಷ್ಟೊಂದು ವಿಷಯಗಳಿರುವಾಗ, ಅತ್ತೆ ಕೂತ ಕುರ್ಚಿಯ ಮೇಲೆಯೇ ಕಣ್ಣು! ಫೋನಿನಲ್ಲಿ ‘ಅನುಷಾ ಒಡಪುಗಳು’ ಎಂದು ಪ್ರಚಾರ ಹೊರಟಿತು. ನನ್ನ ಕಟ್ಟೆಗೆ ಎಲೆ ಅಡಿಕೆ ಹಿಡಿದು ಬರುತ್ತಿದ್ದ ತಾಯಂದಿರು ನನಗೆ ನಮಸ್ಕಾರ ಮಾಡಿ, ನನ್ನನ್ನು ದಾಟಿ, ಜೋಳದ ಕೋಣೆಯ ಬಾಗಿಲು ಬಡಿಯತೊಡಗಿದರು. ಕರಿಯವ್ವ ಎಂಬಾಕೆ, ಅವಳ ಮೂರೂ ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಿದವಳು ನಾನು, “ಬ್ಯಾಸರ ಮಾಡ್ಕೋಬ್ಯಾಡ ಯಕ್ಕಾ, ಈಗಿನ ಹುಡುಗ್ಯಾರಿಗೆ ತೆನಿ, ಮನಿ ಎಲ್ಲಾ ಹಳೇದಾತು” ಎಂದು ನನ್ನ ಎದುರಿಗೇ ಹೇಳಿ ಹೋದಳು. ಹೊಸದು ಯಾವುದೆಂದು ತಾವೂ ಕೇಳಿ:

“ಫೋನಿಗೆ ಬೇಕು ಚಾರ್ಜು, ಗಾಡಿಗೆ ಬೇಕು ಪೆಟ್ರೋಲು,
ಹುಲಿಗೇಶರಾಯರ ಕೈಯಾಗ ಐತಿ ನನ್ನ ಬಾಳಿನ ಕಂಟ್ರೋಲು.”

ಇದು ಕುಷ್ಟಗಿಯಲ್ಲಿ ಬೈಕ್ ರಿಪೇರಿ ಮಾಡುವ ಹುಲಿಗೇಶನ ಹೆಂಡತಿಗಾಗಿ ಬರೆದದ್ದು. ಚಪ್ಪಾಳೆ ಬಿದ್ದವಂತೆ. ನನ್ನ ಒಡಪಿಗೆ ಯಾರೂ ಚಪ್ಪಾಳೆ ತಟ್ಟಿದವರಲ್ಲ, ಸುಮ್ಮನೆ ತಲೆದೂಗಿ ಬಾಗಿಲು ಬಿಡುತ್ತಿದ್ದರು.

ಇನ್ನು ಕನಕಗಿರಿಯ ವಿಷಯ. ಅಲ್ಲಿ ನನ್ನ ಸ್ವಂತ ತಂಗಿಯ ಮಗ ವೆಂಕಟೇಶನ ಮದುವೆ. ಹುಡುಗಿಯ ಕಡೆಯವರು ಒಡಪು ಕೇಳಿದ್ದು ಅನುಷಾಳನ್ನು. ನನ್ನ ತಂಗಿ ನನ್ನನ್ನು ಕೂಡಿಸಿದ್ದು ಮೂರನೆಯ ಸಾಲಿನಲ್ಲಿ, ಕೂಲರಿನ ಹಿಂದೆ. ಬರೆದದ್ದನ್ನು ವ್ಯರ್ಥ ಮಾಡದೆ ಹೆಸರು ಬದಲಿಸಿ ಮತ್ತೆ ಬಳಸಿ ಎಂಬುದು ತಮ್ಮ ಏಳನೆಯ ಸೂತ್ರ. ಕೊನೆಯ ಗಳಿಗೆಯಲ್ಲಿ ಕೊಟ್ಟರೆ ತಿದ್ದಲು ಯಾರೂ ಕೇಳುವುದಿಲ್ಲ ಎಂಬುದು ಎಂಟನೆಯದು. ನನ್ನ ಸೊಸೆ ಎರಡನ್ನೂ ಒಟ್ಟಿಗೆ ಪಾಲಿಸಿದಳು. ಮದುಮಗಳು ಹೊಸ್ತಿಲ ಮುಂದೆ ನಿಂತ ಮೇಲೆ ಫೋನಿಗೆ ಒಡಪು ಬಂತು. ಮೇಲೆ ತಲೆಬರಹದಲ್ಲಿ ಮದುಮಗಳ ಹೆಸರು ಬದಲಾಗಿತ್ತು, ಕೆಳಗೆ ಒಡಪಿನಲ್ಲಿ ಗಂಡನ ಹೆಸರು ಬದಲಾಗಿರಲಿಲ್ಲ. ಗಾಬರಿಯಲ್ಲಿದ್ದ ಹುಡುಗಿ ಸೆರಗಿನ ಮರೆಯಲ್ಲಿ ಫೋನು ಹಿಡಿದು, ಇದ್ದದ್ದನ್ನು ಇದ್ದಂತೆ, ಇಡೀ ಓಣಿಗೆ ಕೇಳುವಂತೆ ಓದಿ, ತನ್ನ ಬಾಳಿನ ಕಂಟ್ರೋಲನ್ನು ಕುಷ್ಟಗಿಯ ಹುಲಿಗೇಶನಿಗೆ ಒಪ್ಪಿಸಿಬಿಟ್ಟಳು.

ಬ್ಯಾಂಡಿನವರೂ ನಿಲ್ಲಿಸಿದರು. ಬಾಗಿಲಿಗೆ ಅಡ್ಡ ನಿಂತಿದ್ದ ನಾದಿನಿ, “ಯಾರವ್ವಾ ಆ ಹುಲಿಗೇಶ?” ಎಂದಳು. ಮದುಮಗ ತನ್ನ ಪೇಟವನ್ನು ತೆಗೆದು ಕೈಯಲ್ಲಿ ಹಿಡಿದ. ಹುಡುಗಿಯ ಕಣ್ಣಲ್ಲಿ ನೀರು. ನನ್ನ ಸೊಸೆಯ ಮುಖ ನೋಡಿದೆ. ಅದು ಜೋಳದ ಹಿಟ್ಟಿನ ಬಣ್ಣಕ್ಕೆ ಬಂದಿತ್ತು. ಮಾನ್ಯರೇ, ಈ ಸಂದರ್ಭಕ್ಕೆ ತಮ್ಮ ಹನ್ನೆರಡು ಸೂತ್ರಗಳಲ್ಲಿ ಯಾವುದು ಎಂದು ನಾನು ಆಮೇಲೆ ಹುಡುಕಿದೆ, ಸಿಗಲಿಲ್ಲ. ನಾನು ಕೂಲರಿನ ಹಿಂದಿನಿಂದ ಎದ್ದು ಬಂದು, “ಯಾಕ, ಮನಿದೇವರು ಹುಲಿಗೇಶನ ಹೆಸರು ಹೇಳದೆ ಗಂಡನ ಹೆಸರು ಹೇಳ್ತಾರೇನು? ಆಕಿ ಪದ್ಧತಿ ಪ್ರಕಾರ ಶುರು ಮಾಡ್ಯಾಳ” ಎಂದು ಗದರಿ, ಹುಡುಗಿಯ ಕಿವಿಯಲ್ಲಿ ಹೇಳಿಕೊಟ್ಟೆ. ಆಕೆ ಮೂಗು ಒರೆಸಿಕೊಂಡು ಹೇಳಿದಳು:

“ಹುಲಿಗೇಶನ ನೆನಿಬೇಕು ಎಲ್ಲಾರಕಿಂತ ಮೊದಲ,
ವೆಂಕಟೇಶರಾಯರ ಹೆಸರ ಹೇಳಾಕ ನಂಗಿಲ್ಲ ತೊದಲ.”

ಬಾಗಿಲು ತೆರೆಯಿತು. ನನ್ನ ಕುರ್ಚಿಯನ್ನು ತಂಗಿಯೇ ಎತ್ತಿ ತಂದು ಮೊದಲ ಸಾಲಿಗೆ ಹಾಕಿದಳು. ಆದರೆ ಈಗ ಸುತ್ತಲಿನ ನಾಲ್ಕೂ ತಾಲ್ಲೂಕಿನ ಮದುಮಕ್ಕಳು ಮೊದಲು ಹುಲಿಗೇಶನನ್ನು ನೆನೆಯದೆ ಒಡಪು ಹೇಳುತ್ತಿಲ್ಲ, ಮತ್ತು ಕುಷ್ಟಗಿಯ ಆ ಹುಡುಗ ಬೈಕ್ ಬಿಚ್ಚುವ ಮೊದಲು ಗಿರಾಕಿಗಳಿಗೆ ಆಶೀರ್ವಾದ ಮಾಡುತ್ತಿದ್ದಾನೆಂದು ಸುದ್ದಿ. ಇದರ ಪುಣ್ಯವೆಲ್ಲ ತಮಗೇ ಸೇರಬೇಕು.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು. ತಾವು ಗಂಗಾವತಿಗೆ ಬಂದಿಳಿದು, ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡೇ ನಮ್ಮೂರಿಗೆ ಬಂದು, ಆರು ತಿಂಗಳಿಂದ ಸುಲಿಯದೆ ಉಳಿದ ನಮ್ಮ ಶೇಂಗಾವನ್ನು ಎರಡೇ ತಿದ್ದುಪಡಿಯಲ್ಲಿ ಸುಲಿದುಕೊಡಬೇಕು. ನನ್ನ ಯಜಮಾನರ ಆ ಮೂರನೆಯ ಸಕ್ಕರೆಯನ್ನು ಆ ದಿನದ ಅದೇ ಲೋಟಕ್ಕೆ ಹಾಕಿಕೊಡಬೇಕು. ಹುಲಿಗೇಶನನ್ನು ಮತ್ತೆ ಮನುಷ್ಯನನ್ನಾಗಿ ಮಾಡಬೇಕು. ಹದಿಮೂರನೆಯ ಸೂತ್ರವಾಗಿ, ಬರೆದದ್ದನ್ನು ಕಳಿಸುವ ಮೊದಲು ಅತ್ತೆಗೆ ಓದಿ ಹೇಳಬೇಕು ಎಂದು ಸೇರಿಸಬೇಕು.

ತಮ್ಮ ಉತ್ತರ ಕಾಯಿಸಿಯೇ ಬರುತ್ತದೆಂದು ತಿಳಿದಿರುವುದರಿಂದ ನನ್ನ ತೀರ್ಮಾನವನ್ನು ನಾನು ಜಾರಿಗೆ ತಂದಾಗಿದೆ. ಕಳೆದ ಸೋಮವಾರದಿಂದ ಜೋಳದ ಕೋಣೆಯಲ್ಲಿ ಎರಡು ಕುರ್ಚಿಗಳಿವೆ, ದೊಡ್ಡದು ನನ್ನದು. ನಾನು ಕಟ್ಟುತ್ತೇನೆ, ಅನುಷಾ ಬರೆದುಕೊಳ್ಳುತ್ತಾಳೆ, ಗಂಡನ ಹೆಸರನ್ನು ಇಬ್ಬರೂ ಮೂರು ಸಲ ನೋಡುತ್ತೇವೆ. ಪೆಟ್ರೋಲಿನ ಒಡಪು ನನಗೂ ಅಷ್ಟೇನೂ ಕೆಟ್ಟದ್ದೆನಿಸಿಲ್ಲ, ಆದರೆ ಅದನ್ನು ಆಕೆಗೆ ಹೇಳಿಲ್ಲ. ಮೊದಲ ದಿನ ನನ್ನ ಯಜಮಾನರು ಬಾಗಿಲು ಬಡಿದು ಚಹಾ ಕೇಳಿದರು. ರಟ್ಟಿನ ಹಲಗೆಯನ್ನು ಓದಿಕೊಳ್ಳಿರಿ ಎಂದು ನಾನು ಒಳಗಿನಿಂದಲೇ ಹೇಳಿ, ಅಗುಳಿ ಹಾಕಿದೆ.

ತಮ್ಮ ವಿಶ್ವಾಸಿ,
ಶಿವಲಿಂಗಮ್ಮ
ಜೋಳದ ಕೋಣೆ, ಯಲಬುರ್ಗಾ

ತಾ.ಕ.: ತಮ್ಮ ಧರ್ಮಪತ್ನಿಯವರ ತವರು ನಮ್ಮ ಕಡೆಯ ಮರಳಿ ಎಂಬ ಊರೆಂದು ಈಗಷ್ಟೇ ತಿಳಿಯಿತು. ತಮ್ಮ ಹೊಸ ಮನೆಯ ಪ್ರವೇಶಕ್ಕೆ ಅವರು ನಮಗೇ ಒಡಪು ಬರೆದುಕೊಡಲು ಹೇಳಿದ್ದಾರೆ. ತಮ್ಮ ಮೇಲಿನ ಗೌರವದಿಂದ ಅದೊಂದನ್ನು ಮಾತ್ರ ಏಳು ಮತ್ತು ಎಂಟನೆಯ ಸೂತ್ರಗಳ ಪ್ರಕಾರವೇ ತಯಾರಿಸಿದ್ದೇವೆ. ಅವರು ಹೊಸ್ತಿಲಲ್ಲಿ ನಿಂತ ಮೇಲೆ ಕಳಿಸುತ್ತೇವೆ.